ಏಳನೇ ಬೆಡ್, ಹನ್ನೊಂದನೇ ಬೆಡ್

ನಮ್ಮ ಊರಿನಲ್ಲಿ ಕಿಡ್ನಿ ಕೊಟ್ಟವರೂ ಪಡೆದವರೂ ಒಂಬತ್ತನೇ ದಿನಕ್ಕೆ ಒಡಹುಟ್ಟಿದವರಾಗುತ್ತಾರೆ. ಕಾಗದದ ಮೇಲೆ ಅಲ್ಲ, ನಿಜವಾಗಿ. ಇಬ್ಬರ ನಗು ಒಂದೇ ಥರ ಆಗುತ್ತದೆ, ಊಟಕ್ಕೆ ಕೂತರೆ ಇಬ್ಬರೂ ಮೊದಲು ಕೈ ಹಾಕುವುದು ಒಂದೇ ಪಲ್ಯಕ್ಕೆ, ಒಬ್ಬರನ್ನೊಬ್ಬರು ನೋಡುವ ಕಣ್ಣೇ ಬೇರೆಯಾಗುತ್ತದೆ. ಅಣ್ಣತಮ್ಮಂದಿರು ಕೊಟ್ಟು ತೆಗೆದುಕೊಂಡರೆ ತೊಂದರೆಯೇನಿಲ್ಲ, ಮೊದಲಿನಂತೆಯೇ ಜಗಳವಾಡಿಕೊಂಡು ಇರುತ್ತಾರೆ. ಅಪ್ಪ ಮಗನಿಗೆ ಕೊಟ್ಟರೆ ಇಬ್ಬರೂ ಅಣ್ಣತಮ್ಮಂದಿರಾಗಿ ಹಿತ್ತಲಲ್ಲಿ ಪಾಲು ಕೇಳಲು ಶುರುಮಾಡುತ್ತಾರೆ. ಕಿಡ್ನಿ ಕೊಟ್ಟ ತಾಯಿಯನ್ನು ಮಗ ಅಕ್ಕ ಎಂದು ಕರೆಯುತ್ತಾನೆ. ಹಾಗೆ ಕರೆಸಿಕೊಂಡು ಹತ್ತು ವರ್ಷ ಚಿಕ್ಕವಳಾದೆ ಎಂದು ಖುಷಿಪಟ್ಟವರೂ ಉಂಟು. ಸತ್ತವರ ಕಿಡ್ನಿ ಪಡೆದವರು ವರ್ಷಕ್ಕೊಮ್ಮೆ ಆ ಮನೆಯ ತಿಥಿಗೆ ತಪ್ಪದೆ ಹೋಗಿ ಬರುತ್ತಾರೆ. ಊರು ಇದಕ್ಕೆಲ್ಲ ಹೊಂದಿಕೊಂಡಿತ್ತು. ಹೊಂದಿಕೊಳ್ಳಲು ದಾರಿಯಿಲ್ಲದೆ ಉಳಿದವರು ಗಂಡ ಹೆಂಡಿರು ಮಾತ್ರ.

ನಾನು ಹೇಳಹೊರಟಿರುವುದು ಇಲ್ಲಿಯ ಮೆಡಿಕಲ್ ಕಾಲೇಜಿನ ಕಸಿ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ನಾನು ಮೂರನೇ ವರ್ಷದ ತರಬೇತಿಯಲ್ಲಿದ್ದಾಗ ನಡೆದದ್ದು. ಬೆಳಿಗ್ಗೆ ಏಳಕ್ಕೆ ವಾರ್ಡ್ ಸುತ್ತಬೇಕು, ಆಮೇಲೆ ಆಪರೇಷನ್, ಮಧ್ಯಾಹ್ನ ಪಾಠ, ಸಂಜೆ ಮಾಂಸದಂಗಡಿಯಿಂದ ತರಿಸಿದ ಮೇಕೆಯ ರಕ್ತನಾಳಗಳ ಮೇಲೆ ಹೊಲಿಗೆಯ ಅಭ್ಯಾಸ. ದಾರ ತಲೆಗೂದಲಿನಷ್ಟು ತೆಳು. ಒಂದು ಹೊಲಿಗೆ ಓರೆಯಾದರೂ ನಮ್ಮ ಮುಖ್ಯಸ್ಥರಾದ ಪ್ರೊಫೆಸರ್ ಬೆಳ್ಳಿಯಪ್ಪನವರು ಕತ್ತರಿಯಿಂದ ಎಲ್ಲವನ್ನೂ ಕತ್ತರಿಸಿ, "ಇನ್ನೊಂದ್ಸಲ, ಶಾಂಭವಿ" ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಮೂರು ವರ್ಷದಲ್ಲಿ ನೂರಾರು ಮೇಕೆಯ ನಾಳ ಹೊಲಿದಿದ್ದೆ. ಉಸಿರಾಡುವ ಮನುಷ್ಯನ ರಕ್ತನಾಳವನ್ನು ಒಬ್ಬಳೇ ನಿಂತು ಒಂದನ್ನೂ ಹೊಲಿದಿರಲಿಲ್ಲ.

ವಿಭಾಗದ ಹಿರಿಯ ನರ್ಸ್ ವನಮಾಲಾ ಸಿಸ್ಟರ್. ಹನ್ನೊಂದು ವರ್ಷದ ಹಿಂದೆ ಆಕೆ ತನ್ನ ಗಂಡನಿಗೇ ಕಿಡ್ನಿ ಕೊಟ್ಟಿದ್ದರು. ಏನಾಗುತ್ತದೆಂದು ಗೊತ್ತಿದ್ದೇ ಕೊಟ್ಟರು, ಇಲ್ಲದಿದ್ದರೆ ಆತ ಆ ತಿಂಗಳು ದಾಟುತ್ತಿರಲಿಲ್ಲ. ಒಮ್ಮೆ ಬ್ಯಾಂಡೇಜ್ ಬಟ್ಟೆ ಮಡಚುತ್ತ ತಾವಾಗಿಯೇ ನನಗೆ ಹೇಳಿದ್ದರು: "ಒಂಬತ್ತನೇ ದಿನ ಬೆಳಿಗ್ಗೆ ಕಾಫಿ ತಗೊಂಡು ಹೋದೆ ಮೇಡಂ. ಮಂಚದ ಮೇಲೆ ನಮ್ಮಣ್ಣ ಮಲಗಿದ್ದ. ನಂಗೆ ಬೇಜಾರೇ ಆಗ್ಲಿಲ್ಲ. ಈಗ್ಲೂ ನೋಯೋದು ಅದೊಂದೇ." ಎರಡು ವರ್ಷದ ನಂತರ ಅವರೇ ಹೆಣ್ಣು ನೋಡಿ ಆತನಿಗೆ ಮದುವೆ ಮಾಡಿಸಿದರು. ಮಂಟಪದಲ್ಲಿ ತಂಗಿಯಾಗಿ ಕಳಶ ಹಿಡಿದು ನಿಂತವರೂ ಅವರೇ. ಗೌರಿ ಹಬ್ಬಕ್ಕೆ ಆತ ಈಗಲೂ ತವರಿನ ಬಾಗಿನ ತಂದುಕೊಡುತ್ತಾನೆ. ಸಿಸ್ಟರ್ ಅವರ ಆ ಆಪರೇಷನ್ ಆದ ಮೇಲೆ ಪ್ರೊಫೆಸರ್ ಗಂಡ ಹೆಂಡಿರ ನಡುವಿನ ಕಸಿಯನ್ನೇ ನಿಲ್ಲಿಸಿಬಿಟ್ಟರು. "ಜೀವ ಉಳಿಸೋಕೆ ಅಂತ ಸಂಸಾರ ಕೊಯ್ಯೋ ಕೆಲಸ ನನ್ನಿಂದಾಗಲ್ಲ" ಎನ್ನುತ್ತಿದ್ದರು.

ಆ ವರ್ಷ ಡಯಾಲಿಸಿಸ್ ಹಾಲಿನ ಏಳನೇ ಬೆಡ್ಡಿಗೆ ಚೆಲುವಯ್ಯ ಎಂಬಾತ ಬರುತ್ತಿದ್ದ. ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಮದುವೆ, ನಾಮಕರಣ, ಅಂಗಡಿ ಪೂಜೆ, ಎಲ್ಲಕ್ಕೂ ಅವನದೇ ಧ್ವನಿವರ್ಧಕ. ಆ ಅಭ್ಯಾಸಕ್ಕೋ ಏನೋ, ಪಕ್ಕದಲ್ಲಿ ಕೂತವರೊಂದಿಗೂ ಬೀದಿ ತುದಿಯವರಿಗೆ ಕೇಳುವ ಹಾಗೆ ಮಾತಾಡುತ್ತಿದ್ದ. ಈಗ ಆ ದನಿ ಇಳಿದುಹೋಗಿತ್ತು. ವಾರಕ್ಕೆ ಮೂರು ದಿನ ಸೂಜಿ ಚುಚ್ಚಿಸಿಕೊಂಡು ಕೈಯ ನಾಳಗಳು ಒಂದೊಂದಾಗಿ ಮುಚ್ಚಿಕೊಂಡಿದ್ದವು. ಉಳಿದದ್ದು ಎಡಗೈಯಲ್ಲಿ ಒಂದೇ ಒಂದು. ಅದೂ ಮುಚ್ಚಿದರೆ ಯಂತ್ರಕ್ಕೆ ರಕ್ತ ಕೊಡಲು ಜಾಗವಿಲ್ಲ. ಎರಡು ತಿಂಗಳು, ಹೆಚ್ಚೆಂದರೆ ಮೂರು ಎಂದು ನಾವೆಲ್ಲ ಲೆಕ್ಕ ಹಾಕಿದ್ದೆವು. ಅವನ ಹೆಂಡತಿ ಮುದ್ದಮ್ಮ ಹೊರಗಿನ ಬೆಂಚಿನಲ್ಲಿ ಕೂತು ಸೊಪ್ಪು ಬಿಡಿಸುತ್ತ, ನಾನು ಹಾದುಹೋದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದಳು: "ನಂದು ತಗೊಳ್ರವ್ವ. ಎಲ್ಲ ಟೆಸ್ಟೂ ಹೊಂದುತ್ತೆ ಅಂತ ನೀವೇ ಹೇಳಿದ್ರಿ. ತಂಗಿಯಾಗಿ ಆದ್ರೂ ಇರ್ತೀನಿ, ಮನುಷ್ಯ ಇರ್ತಾನಲ್ಲ."

ಚೆಲುವಯ್ಯ ಒಪ್ಪುತ್ತಿರಲಿಲ್ಲ. "ಇವಳು ತಂಗಿಯಾಗ್ಬಿಟ್ರೆ ನಾನು ಯಾರ ಹತ್ರ ಜಗಳ ಆಡ್ಲಿ ಡಾಕ್ಟ್ರೇ? ಇಪ್ಪತ್ತಾರು ವರ್ಷದಿಂದ ಒಂದು ಜಗಳ ಅರ್ಧಕ್ಕೆ ನಿಂತದೆ. ಅದು ಮುಗೀಬೇಕು."

ಅದೇ ಹಾಲಿನ ಹನ್ನೊಂದನೇ ಬೆಡ್ ಇನ್ನಾಸಪ್ಪ ಮೇಷ್ಟ್ರದು. ಪ್ರೌಢಶಾಲೆಯ ಡ್ರಿಲ್ ಮಾಸ್ತರರು, ಮಲಗಿದಾಗಲೂ ಸಾವಧಾನ್ ನಿಂತವರಂತೆ ನೇರ. ಹೆಂಡತಿ ಲೂರ್ದಮ್ಮ ಕೊಡುತ್ತೇನೆಂದರೂ ಆಕೆಯ ರಕ್ತದ ಗುಂಪು ಅವರಿಗೆ ಹೊಂದುತ್ತಿರಲಿಲ್ಲ. ಕೊಡಬಲ್ಲವಳು ಕೊಡುವಂತಿಲ್ಲ, ಕೊಡಬಯಸಿದವಳದು ಹೊಂದುವುದಿಲ್ಲ. ಎರಡು ಬೆಡ್ಡುಗಳ ನಡುವೆ ಮೂರೇ ಬೆಡ್ ಇದ್ದವು. ನಾನು ದಿನವೂ ಎರಡೂ ಕಡೆ ನಿಂತು ರಕ್ತದೊತ್ತಡ ಬರೆದುಕೊಳ್ಳುತ್ತಿದ್ದೆ. ನನಗೆ ಏನೂ ಹೊಳೆಯಲಿಲ್ಲ.

ಮಂಗಳವಾರ ವಿಭಾಗದ ಸಭೆ. ತರಬೇತಿಯವರು ಒಬ್ಬೊಬ್ಬರಾಗಿ ರೋಗಿಗಳ ವಿವರ ಹೇಳಬೇಕು, ಹಿರಿಯರು ಪ್ರಶ್ನೆ ಕೇಳಬೇಕು. ನಾನು ಚೆಲುವಯ್ಯನ ವಿವರ ಹೇಳಿ ಮುಗಿಸಿದೆ. ಪ್ರೊಫೆಸರ್ ಎಂದಿನಂತೆ ತಲೆಯಾಡಿಸಿ, "ಮುಂದಿನವರು" ಎಂದರು. ಆಗ ಬಾಗಿಲ ಬಳಿ ಫೈಲುಗಳನ್ನು ಅವಚಿಕೊಂಡು ನಿಂತಿದ್ದ ವನಮಾಲಾ ಸಿಸ್ಟರ್ ಮಾತಾಡಿದರು. ಆ ಸಭೆಯಲ್ಲಿ ನರ್ಸುಗಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಸರ್, ಏಳನೇ ಬೆಡ್ಡಿನ ಹೆಂಡ್ತಿದು ಹನ್ನೊಂದನೇ ಬೆಡ್ಡಿನ ಗಂಡನಿಗೆ ಕೊಟ್ರೆ? ಹನ್ನೊಂದರ ಹೆಂಡ್ತಿದು ಏಳಕ್ಕೆ?"

ಪ್ರೊಫೆಸರ್ ಎದ್ದು ಬೋರ್ಡಿನ ಹತ್ತಿರ ಹೋಗಿ ನಾಲ್ಕು ಹೆಸರು ಬರೆದರು. ಒಂದು ಓರೆ ಗೆರೆ ಎಳೆದರು, ಅದರ ಮೇಲೆ ಇನ್ನೊಂದು. ಚಾಕ್ ಮುರಿಯಿತು. "ಶಾಂಭವಿ, ರಕ್ತದ ಗುಂಪು ಓದು." ಓದಿದೆ. ಓದುತ್ತಿದ್ದ ಹಾಗೆ ನನ್ನ ಕುತ್ತಿಗೆ ಬಿಸಿಯಾಯಿತು, ಏಕೆಂದರೆ ಎರಡೂ ಓರೆ ಗೆರೆಗಳು ಹೊಂದುತ್ತಿದ್ದವು. ಪ್ರೊಫೆಸರ್ ನಂತರದ ಹಿರಿಯ ಸರ್ಜನ್ ಡಾಕ್ಟರ್ ಮೋನಪ್ಪ ಕುರ್ಚಿಯ ತುದಿಗೆ ಬಂದಿದ್ದರು. "ಸರ್, ಮುದ್ದಮ್ಮ ಮೇಷ್ಟ್ರಿಗೆ ಅಕ್ಕ ಆಗ್ತಾಳೆ. ಲೂರ್ದಮ್ಮ ಚೆಲುವಯ್ಯನಿಗೆ ತಂಗಿ ಆಗ್ತಾಳೆ. ಗಂಡ ಹೆಂಡ್ತಿ ಗಂಡ ಹೆಂಡ್ತಿಯಾಗೇ ಉಳೀತಾರಾ?"

"ಉಳೀಬೇಕು" ಎಂದರು ಪ್ರೊಫೆಸರ್. "ಯಾರೂ ಮಾಡಿ ನೋಡಿಲ್ಲ. ಒಂಬತ್ತನೇ ದಿನವೇ ಗೊತ್ತಾಗ್ಬೇಕು." ಆಮೇಲೆ ತಿರುಗಿ, "ಸಿಸ್ಟರ್, ಇದು ನಿಮಗೆ ಯಾವಾಗ ಹೊಳೀತು?" ಎಂದು ಕೇಳಿದರು.

"ಈಗ್ಲೇ ಸರ್. ಮೇಡಂ ಏಳನೇ ಬೆಡ್ಡಿನ ವಿವರ ಹೇಳ್ತಿರುವಾಗ" ಎಂದು ಹೇಳಿ ವನಮಾಲಾ ಸಿಸ್ಟರ್ ಫೈಲುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ನಾಲ್ವರನ್ನೂ ಒಟ್ಟಿಗೆ ಕೂರಿಸಿ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಜೀವಮಾನಕ್ಕೆ ಒಡಹುಟ್ಟಾಗುವವರು, ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳದೆ ಒಪ್ಪುವುದುಂಟೆ? ಮೊದಲೇ ತೊಡಕು ಎದ್ದಿತು. ಎಂಟು ವರ್ಷದ ಹಿಂದೆ ಪರೀಕ್ಷೆ ನಡೆಯುತ್ತಿದ್ದಾಗ ಶಾಲೆಯ ಎದುರಿನ ಮದುವೆಮನೆಯಲ್ಲಿ ಹಾಡು ಹಾಕಿದ್ದಕ್ಕೆ ಮೇಷ್ಟ್ರು ಬಂದು ಚೆಲುವಯ್ಯನ ಮೈಕಿನ ವೈರ್ ಕತ್ತರಿಸಿದ್ದರಂತೆ.

"ಕತ್ತರಿಸಿದ್ದು ನಿಜ" ಎಂದರು ಮೇಷ್ಟ್ರು ನೆಟ್ಟಗೆ ಕೂತೇ. "ಇವತ್ತು ಹಾಕಿದ್ರೂ ಕತ್ತರಿಸ್ತೀನಿ."

"ನೋಡಿ ಡಾಕ್ಟ್ರೇ, ಇಂಥವರನ್ನ ಭಾವಮೈದ ಮಾಡ್ಕೋಬೇಕಾ ನಾನು" ಎಂದ ಚೆಲುವಯ್ಯ.

ಲೂರ್ದಮ್ಮ ಮೆತ್ತಗಿನ ಹೆಂಗಸು. ಚೆಲುವಯ್ಯನ ಕಡೆ ತಿರುಗಿ, "ನಮ್ಮನೇಲಿ ನಾನು ಒಬ್ಳೇ ಮಗಳು. ಅಣ್ಣ ಅಂದ್ರೆ ಹೆಂಗಿರ್ತಾರೆ ಅಂತ ಗೊತ್ತಿಲ್ಲ. ಸಿಟ್ಟು ಬಂದ್ರೆ ಎಷ್ಟು ದಿನ ಮಾತು ಬಿಡ್ತೀರಿ ನೀವು?" ಎಂದು ಕೇಳಿದಳು.

"ಮಾತು ಬಿಡೋಕೆ ನಂಗೆ ಬರಲ್ಲ ತಾಯಿ" ಎಂದ ಚೆಲುವಯ್ಯ. ಅದು ಸತ್ಯವಾಗಿದ್ದರಿಂದ ಮುದ್ದಮ್ಮನಿಗೆ ನಗು ಬಂತು. ಅವಳು ಸೊಪ್ಪಿನ ಕಡ್ಡಿಗಳನ್ನು ಸೆರಗಿನಿಂದ ಕೊಡವಿಕೊಂಡು, "ಅದಲಿ ಬದಲಿ ಸಂಬಂಧ ಅನ್ನಿ. ಇವರ ಕಡೆ ಹೆಣ್ಣು ಅಲ್ಲಿಗೆ, ಅವರ ಕಡೆ ಹೆಣ್ಣು ಇಲ್ಲಿಗೆ. ನಮ್ಮಜ್ಜಿ ಮನೇಲೂ ಹಂಗೇ ಕೊಟ್ಟು ತಂದಿದ್ರು. ಇದರಲ್ಲಿ ಹೊಸದೇನದೆ?" ಎಂದಳು. ನಮ್ಮ ಪ್ರೊಫೆಸರ್ ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಕಂಡದ್ದನ್ನು ಅವಳು ಬೆಂಚಿನ ಮೇಲೆ ಕೂತೇ ಕಂಡಿದ್ದಳು.

ಮುಂದಿನ ಹತ್ತು ದಿನ ನಾನು ನಡೆದದ್ದು ಕಡಿಮೆ, ಓಡಿದ್ದೇ ಹೆಚ್ಚು. ಕೊಡುವವರ ರಕ್ತವನ್ನೂ ಪಡೆಯುವವರ ರಕ್ತವನ್ನೂ ಬೆರೆಸಿ ನೋಡುವ ಪರೀಕ್ಷೆಗೆ ಕೊಳವೆಗಳನ್ನು ನಾನೇ ಒಯ್ದೆ, ಫಲಿತಾಂಶ ಬರುವವರೆಗೆ ಪ್ರಯೋಗಾಲಯದ ಮೆಟ್ಟಿಲಿನ ಮೇಲೆ ಕೂತೆ. ಎರಡೂ ಜೋಡಿ ಸರಿ. ನಾಲ್ಕು ಆಪರೇಷನ್ ಒಂದೇ ಹೊತ್ತಿಗೆ ನಡೆಯಬೇಕೆಂದು ನಾಲ್ವರೂ ಕೇಳಿಕೊಂಡಿದ್ದರು. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರ ಮನಸ್ಸು ಬದಲಾದರೆ ಗತಿಯೇನು ಎಂಬ ಅಂಜಿಕೆ. ನಮ್ಮಲ್ಲಿ ಇದ್ದದ್ದು ಎರಡೇ ಥಿಯೇಟರ್. ಮೂಳೆ ವಿಭಾಗದವರು ಒಂದು ಬಿಟ್ಟುಕೊಟ್ಟರು, ಕಣ್ಣಿನ ವಿಭಾಗದವರು ಇನ್ನೊಂದು. ಅಡುಗೆಮನೆಯವರು ಕೂಡ, ಆ ದಿನ ನಿಮಗೆ ತಿಂಡಿ ಎಷ್ಟು ಗಂಟೆಗೆ ಬೇಕು ಎಂದು ತಾವಾಗಿ ಬಂದು ಕೇಳಿಹೋದರು.

ಹಿಂದಿನ ದಿನ ಮಧ್ಯಾಹ್ನ ಪ್ರೊಫೆಸರ್ ಕೆಲಸ ಹಂಚಿದರು. "ಕೊಡೋರು ಕಾಯಿಲೆಯವರಲ್ಲ. ಆರೋಗ್ಯವಾಗಿರೋರ ಹೊಟ್ಟೆ ಕೊಯ್ಯೋದೇ ಎಲ್ಲಕ್ಕಿಂತ ದೊಡ್ಡ ಹೊಣೆ. ಅವರಿಬ್ಬರು ನನಗೆ, ಮೋನಪ್ಪಂಗೆ. ಮೇಷ್ಟ್ರಿಗೆ ಕೂರಿಸೋಕೆ ರಕ್ತನಾಳ ವಿಭಾಗದಿಂದ ಹಿರಿಯರು ಬರ್ತಾರೆ. ಚೆಲುವಯ್ಯನಿಗೆ ಶಾಂಭವಿ." ನಾನು ತಲೆ ಎತ್ತಿದೆ. ಅವರು ಆಗಲೇ ಮುಂದಿನ ಹಾಳೆಗೆ ಹೋಗಿದ್ದರು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಾಲ್ವರಿಗೂ ಅರಿವಳಿಕೆ ಕೊಟ್ಟರು. ಕಣ್ಣಿನ ಥಿಯೇಟರಿನ ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಪಟ ಇತ್ತು. ನಾನು ಕೊನೆಯ ಸಾಲನ್ನು ಓದಿಕೊಂಡೆ. ಕಣ್ಣು ಸರಿಯಾಗಿದೆ ಎಂದು ಸಮಾಧಾನವಾಯಿತು. ಎದುರಿಗೆ ವನಮಾಲಾ ಸಿಸ್ಟರ್ ಸೂಜಿಗಳನ್ನು ಜೋಡಿಸಿಕೊಂಡು ನಿಂತಿದ್ದರು. ಚೆಲುವಯ್ಯನ ಕಿಬ್ಬೊಟ್ಟೆ ತೆರೆದು ಹೊಸ ಕಿಡ್ನಿಗೆ ಜಾಗ ಮಾಡಿ, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳನ್ನು ಬಿಡಿಸಿಟ್ಟುಕೊಂಡು ಕಾದೆ. ಹತ್ತೂವರೆಗೆ ಬಾಗಿಲು ತೆರೆಯಿತು. ಸ್ಟೀಲ್ ಬಟ್ಟಲಿನಲ್ಲಿ, ಮಂಜುಗಡ್ಡೆಯ ಪುಡಿಯ ನಡುವೆ, ಲೂರ್ದಮ್ಮನ ಕಿಡ್ನಿ ಬಂತು. ಬಿಳಿಚಿಕೊಂಡು, ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತು.

ಮೊದಲು ಅಭಿಧಮನಿ ಹೊಲಿದೆ, ಆಮೇಲೆ ಅಪಧಮನಿ. ಸೂಜಿ ಹಿಡಿದ ಮೇಲೆ ಮೈಯಲ್ಲಿದ್ದ ಉತ್ಸಾಹವೆಲ್ಲ ಬೆರಳಿಗೆ ಇಳಿದು ಅಲ್ಲೇ ನಿಂತಿತು. ಮೂವತ್ತೆಂಟು ನಿಮಿಷ. ರಕ್ತ ತಡೆಹಿಡಿದಿದ್ದ ಕ್ಲ್ಯಾಂಪುಗಳನ್ನು ಬಿಚ್ಚಿದೆ. ಚೆಲುವಯ್ಯನ ರಕ್ತ ಒಳಗೆ ನುಗ್ಗಿ ಬಿಳಿಚಿದ್ದ ಕಿಡ್ನಿ ಕಣ್ಣೆದುರೇ ಗುಲಾಬಿ ಬಣ್ಣಕ್ಕೆ ತಿರುಗಿ ಬಿಗಿಯಾಯಿತು. ಅದೇ ಹೊತ್ತಿಗೆ ಹೊರಗಿನಿಂದ ಸುದ್ದಿ ಬಂತು: ಮೂಳೆ ಥಿಯೇಟರಿನಲ್ಲಿ ಮುದ್ದಮ್ಮನ ಕಿಡ್ನಿ ಮೇಷ್ಟ್ರ ಹೊಟ್ಟೆಯಲ್ಲಿ ಕೆಲಸ ಶುರುಮಾಡಿದೆ, ಮೂತ್ರ ಚಿಮ್ಮಿ ಸರ್ಜನ್ನರ ಗೌನ್ ಒದ್ದೆಯಾಗಿದೆ. ಎಲ್ಲರೂ ನಕ್ಕರು. ನಾನು ನಗುತ್ತಲೇ ಕಿಡ್ನಿಯನ್ನು ಅದರ ಜಾಗಕ್ಕೆ ಮೆಲ್ಲಗೆ ಇಳಿಸಿದೆ.

"ಬಣ್ಣ ಹೋಗ್ತಿದೆ ಮೇಡಂ" ಎಂದರು ವನಮಾಲಾ ಸಿಸ್ಟರ್.

ಅಂಚಿನಿಂದ ನೀಲಿ ಹರಡುತ್ತಿತ್ತು. ಬಿಸಿ ಸಲೈನ್ ಸುರಿದೆವು, ರಕ್ತದೊತ್ತಡ ಏರಿಸಿದೆವು, ಏನೂ ಆಗಲಿಲ್ಲ. ಅಲ್ಲಿ ಮೇಷ್ಟ್ರ ಕಡೆಯದು ಆಗಿಹೋಗಿದೆ. ಇಲ್ಲಿ ಆಗದಿದ್ದರೆ ಲೂರ್ದಮ್ಮ ಕೊಟ್ಟದ್ದು ವ್ಯರ್ಥ, ಚೆಲುವಯ್ಯ ಮತ್ತೆ ಅದೇ ಒಂದು ನಾಳಕ್ಕೆ. ಪ್ರೊಫೆಸರಿಗೆ ಫೋನ್ ಹಚ್ಚಿಸಿದೆ. ಅವರ ದನಿ ಗೋಡೆಯ ಸ್ಪೀಕರಿನಿಂದ ಬಂತು: "ನಾನಿಲ್ಲಿ ಲೂರ್ದಮ್ಮನ ಹೊಟ್ಟೆ ಮುಚ್ಚದೆ ಬರೋ ಹಾಗಿಲ್ಲ. ಕೈ ನಿಂದು ಒಳಗಿದೆ, ನಂದಲ್ಲ. ಏನ್ ಕಾಣ್ತಿದೆ ಹೇಳು."

ಹೇಳುವುದಕ್ಕೆಂದೇ ನೋಡಿದೆ. ಕಿಡ್ನಿಯನ್ನು ಎತ್ತಿದೆ: ಗುಲಾಬಿ. ಇಳಿಸಿದೆ: ನೀಲಿ. ಇನ್ನೊಮ್ಮೆ ಎತ್ತಿದೆ. "ಅಪಧಮನಿ ಉದ್ದವಾಯ್ತು ಸರ್. ಇಳಿಸಿದಾಗ ಮಡಚಿಕೊಳ್ತಿದೆ. ನಾನು ಉದ್ದ ಬಿಟ್ಟಿದ್ದೇ ತಪ್ಪು."

"ತಪ್ಪು ಯಾರದು ಅಂತ ಮಂಗಳವಾರ ಮಾತಾಡೋಣ. ಬಿಚ್ಚಿ ಮತ್ತೆ ಹೊಲೀತೀಯೋ, ಜಾಗ ಬದಲಾಯಿಸ್ತೀಯೋ?"

ಮತ್ತೆ ಹೊಲಿದರೆ ಕಿಡ್ನಿ ಇನ್ನೂ ಅರ್ಧ ಗಂಟೆ ರಕ್ತವಿಲ್ಲದೆ ಇರಬೇಕು. "ಜಾಗ" ಎಂದೆ. ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ಬೆರಳಿನಿಂದಲೇ ಜಾಗ ಬಿಡಿಸಿದೆ. ಕಿಡ್ನಿಯನ್ನು ಕಾಲು ಭಾಗ ತಿರುಗಿಸಿ ಅಲ್ಲಿ ಕೂರಿಸಿದೆ. ರಕ್ತನಾಳ ಈಗ ಎಲ್ಲೂ ಮಡಚದೆ ಬಿಲ್ಲಿನಂತೆ ಬಾಗಿ ನಿಂತಿತು. ನೀಲಿ ಮಾಸಿತು. ಗುಲಾಬಿ ಬಂತು, ಹೋಗಲಿಲ್ಲ. ಆದರೆ ಮೂತ್ರನಾಳದ ತುದಿ ಒಣಗಿಯೇ ಇತ್ತು. ಒಂದು ನಿಮಿಷ. ಎರಡು. ನಾಲ್ಕು. ಸ್ಪೀಕರಿನ ಆ ಕಡೆ ಪ್ರೊಫೆಸರ್ ಉಸಿರಾಡುವುದು ಕೇಳುತ್ತಿತ್ತು. ಆರನೇ ನಿಮಿಷದಲ್ಲಿ ತುದಿಯಲ್ಲಿ ಒಂದು ಹನಿ ಕಟ್ಟಿ, ದಪ್ಪಗಾಗಿ, ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸಲಾಗದಷ್ಟು.

"ಬಂತು ಸರ್" ಎಂದರು ವನಮಾಲಾ ಸಿಸ್ಟರ್. ಸ್ಪೀಕರಿನಲ್ಲಿ ಚಪ್ಪಾಳೆ ಕೇಳಿಸಿತು, ಆಮೇಲೆ ಯಾರೋ ಸುಮ್ಮನಿರಿ ಎಂದದ್ದು.

ಅಲ್ಲಿಗೆ ನಮ್ಮ ಅರ್ಧ ಕೆಲಸ ಮಾತ್ರ ಮುಗಿದಿತ್ತು. ಉಳಿದದ್ದು ಒಂಬತ್ತು ದಿನಗಳದು. ಮುದ್ದಮ್ಮ ಐದನೇ ದಿನಕ್ಕೆ ಎದ್ದು ಓಡಾಡಿದಳು, ಆದರೆ ಗಂಡನ ಕೋಣೆಯ ಕಡೆ ಸುಳಿಯಲಿಲ್ಲ. ಅವನ ಮುಖ ನೋಡಿ ಏನಾದರೂ ಬದಲಾಗಿದ್ದರೆ ಎಂಬ ಭಯ. ಎಂಟನೇ ದಿನ ಸಂಜೆ ನಾನು ಕರೆದರೂ ಬರಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಇಡೀ ವಿಭಾಗಕ್ಕೆ ಆ ಕೋಣೆಯಲ್ಲೇ ಏನೋ ಕೆಲಸ ಬಿದ್ದಿತ್ತು. ಮೋನಪ್ಪನವರು ಕಿಟಕಿಯ ಪರದೆ ಸರಿಮಾಡುತ್ತಿದ್ದರು. ಪ್ರೊಫೆಸರ್ ನಿನ್ನೆಯ ವರದಿಯನ್ನೇ ಮೂರನೇ ಸಲ ಓದುತ್ತಿದ್ದರು. ಮುದ್ದಮ್ಮ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು.

ವನಮಾಲಾ ಸಿಸ್ಟರ್ ಅವಳ ಕೈ ಹಿಡಿದರು. "ಹೋಗಿ. ನಾನು ಇಲ್ಲೇ ಇರ್ತೀನಿ."

ಅವಳು ಒಳಗೆ ಬಂದು ಮಂಚದಿಂದ ನಾಲ್ಕು ಹೆಜ್ಜೆ ದೂರ ನಿಂತಳು. ಚೆಲುವಯ್ಯ ಕಣ್ಣು ಬಿಟ್ಟು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಅವನ ದನಿ ಕಾರಿಡಾರಿನ ಕೊನೆಯವರೆಗೆ ಹೋಯಿತು: "ಒಂಬತ್ತು ದಿನದಿಂದ ಎಲ್ಲಿ ಹಾಳಾಗಿ ಹೋಗಿದ್ದೆ ನೀನು? ಕಟ್ಕೊಂಡ ಗಂಡ ಇದಾನೋ ಸತ್ತನೋ ಅಂತ ಒಂದ್ಸಲ ಇಣುಕೋದು ಬ್ಯಾಡ್ವಾ? ಲೂರ್ದು ಬಂದು ಬಂದು ಹೋಗ್ತಾಳೆ, ನಿಂಗೇನಾಗಿತ್ತು?"

ಮುದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಿವಿಯವರೆಗೂ ಕೆಂಪಾಗಿದ್ದಳು. "ಎಲ್ರೂ ನೋಡ್ತಾವ್ರೆ, ಸುಮ್ಕಿರಿ" ಎಂದಳು. ಅಣ್ಣನ ಮುಂದೆ ಯಾವ ತಂಗಿಯೂ ಹಾಗೆ ನಾಚುವುದಿಲ್ಲ.

ಅದೇ ಕೋಣೆಯಲ್ಲಿ, ಎರಡು ಮಂಚಗಳ ನಡುವಿನ ಪರದೆಯ ಆ ಕಡೆಯಿಂದ ಇನ್ನಾಸಪ್ಪ ಮೇಷ್ಟ್ರ ದನಿ ಕೇಳಿತು: "ಅಕ್ಕ, ನಿನ್ನ ಗಂಡನಿಗೆ ಸ್ವಲ್ಪ ಮೆಲ್ಲಗೆ ಮಾತಾಡೋಕೆ ಹೇಳು. ತಲೆ ಸಿಡೀತದೆ."

"ನೀನು ಸುಮ್ನೆ ಮಲಿಕ್ಕೊ" ಎಂದಳು ಮುದ್ದಮ್ಮ, ತಿರುಗಿಯೂ ನೋಡದೆ. "ರಾತ್ರಿಯೆಲ್ಲ ಕೆಮ್ತಿದ್ದೆ, ಗೋಡೆ ಆಚೆ ನಂಗೆ ಕೇಳಿಸ್ಲಿಲ್ಲ ಅಂದ್ಕೊಂಡ್ಯಾ." ಹತ್ತು ದಿನದ ಹಿಂದೆ ಆಕೆ ಅವರನ್ನು ಮೇಷ್ಟ್ರೇ ಎಂದು ಕರೆದು ಎದ್ದು ನಿಲ್ಲುತ್ತಿದ್ದಳು. ಪ್ರೊಫೆಸರ್ ವರದಿಯಿಂದ ಮುಖ ಮುಚ್ಚಿಕೊಂಡರು; ಹಾಳೆ ಅಲುಗುತ್ತಿತ್ತು. ಲೂರ್ದಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಆ ನಗು ಜೋರಾಗಿತ್ತು, ಚೆಲುವಯ್ಯನದೇ ನಗು.

ಮುಂದಿನ ಮಂಗಳವಾರದ ಸಭೆಯಲ್ಲಿ ವನಮಾಲಾ ಸಿಸ್ಟರಿಗೂ ಒಂದು ಕುರ್ಚಿ ಹಾಕಿದ್ದರು. ನನ್ನ ತಪ್ಪಿನ ಬಗ್ಗೆ ನಲವತ್ತು ನಿಮಿಷ ಮಾತಾಯಿತು, ಅದು ಆಗಬೇಕಾದದ್ದೇ. ಮುಗಿದ ಮೇಲೆ ಸಿಸ್ಟರ್ ಕೈಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಹನ್ನೊಂದು ವರ್ಷದಲ್ಲಿ ನಾವು ಆಗುವುದಿಲ್ಲ ಎಂದು ಹಿಂದಕ್ಕೆ ಕಳಿಸಿದ ಗಂಡ ಹೆಂಡಿರ ಹೆಸರು, ರಕ್ತದ ಗುಂಪು, ಫೋನ್ ನಂಬರ್. ನಲವತ್ಮೂರು ಜೋಡಿ. ಯಾರೂ ಹೇಳದೆ ಅವರೇ ಬರೆದಿಟ್ಟದ್ದು.

"ಯಾಕೆ ಬರೆದಿಟ್ರಿ ಸಿಸ್ಟರ್?" ಎಂದರು ಪ್ರೊಫೆಸರ್.

"ಗೊತ್ತಿಲ್ಲ ಸರ್. ಬಿಸಾಡೋಕೆ ಮನಸ್ಸು ಬರ್ಲಿಲ್ಲ."

"ಇವರಲ್ಲಿ ಎಷ್ಟು ಜನ..." ಎಂದು ಅವರು ಅಲ್ಲಿಗೇ ನಿಲ್ಲಿಸಿದರು.

ಸಿಸ್ಟರ್ ಮೇಜಿನ ಫೋನನ್ನು ಹತ್ತಿರ ಎಳೆದುಕೊಂಡರು. ಮೊದಲ ನಂಬರಿನಲ್ಲಿ ಯಾರೂ ಎತ್ತಲಿಲ್ಲ. ಎರಡನೆಯದರಲ್ಲಿ ಒಂದು ನಿಮಿಷ ಕೇಳಿಸಿಕೊಂಡು, "ಯಾವಾಗ?" ಎಂದು ಕೇಳಿ, ಮೆಲ್ಲಗೆ ಇಟ್ಟರು. ಮೂರನೆಯದೂ ಹಾಗೆಯೇ. ನಾಲ್ಕನೆಯ ನಂಬರ್ ಒತ್ತಿ, ಬೆನ್ನು ನೆಟ್ಟಗೆ ಮಾಡಿ ಕೂತರು.

"ಹಲೋ. ಮೆಡಿಕಲ್ ಕಾಲೇಜಿಂದ ವನಮಾಲಾ ಮಾತಾಡ್ತಿದೀನಿ. ಐದು ವರ್ಷದ ಹಿಂದೆ ನೀವು ಬಂದಿದ್ರಿ. ಒಂದು ವಿಷ್ಯ ಕೇಳ್ಬೇಕಿತ್ತು ಅಮ್ಮ. ಇಬ್ರೂ ಇದೀರಾ?"

ಆ ಕಡೆಯಿಂದ ಏನು ಹೇಳಿದರೋ ನಮಗೆ ಕೇಳಿಸಲಿಲ್ಲ. ಸಿಸ್ಟರ್ ಫೋನನ್ನು ಕಿವಿಗೆ ಒತ್ತಿ ಹಿಡಿದು ನಮ್ಮ ಕಡೆಗಲ್ಲ, ಬೋರ್ಡಿನ ಮುಂದೆ ನಿಂತಿದ್ದ ಪ್ರೊಫೆಸರ್ ಕಡೆಗೆ ತಿರುಗಿ, ಎರಡು ಬೆರಳು ಎತ್ತಿ ತೋರಿಸಿದರು.